ಮನೆವಾರ್ತೆ: ಅಗಲಿದವರ ಬೀರು

ಗೃಹಕೃತ್ಯದಲ್ಲಿ ಕೂಡಿಡುವುದನ್ನು ನಮಗೆ ಎಲ್ಲರೂ ಕಲಿಸಿರುವರು. ಬಿಡುವುದನ್ನು ಕಲಿಸಿದವರು ವಿರಳ. ಹಾಲಿನ ಕೆನೆಯಿಂದ ಹಿಡಿದು ಹಳೆಯ ಸೀರೆಯ ಅಂಚಿನವರೆಗೆ ಯಾವುದನ್ನೂ ಕೆಡಿಸದೆ, ಇಂದಲ್ಲ ನಾಳೆ ಬೇಕಾದೀತೆಂದು ತೆಗೆದಿಡುವ ಗೃಹಿಣಿಯನ್ನೇ ನಮ್ಮ ಹಿರಿಯರು ಜಾಣೆಯೆಂದು ಹೊಗಳಿದರು. ಆ ಹೊಗಳಿಕೆ ಅನ್ಯಾಯವಾದುದೇನೂ ಅಲ್ಲ. ಬರಗಾಲವನ್ನು ಕಂಡ ಮನೆಗಳಲ್ಲಿ ಒಂದು ದಾರದ ಉಂಡೆಯೂ ಒಂದು ಆಸ್ತಿಯೇ. ಆದರೆ ಕಾಲ ಬದಲಾಯಿತು. ಮನೆಗಳು ಕಿರಿದಾದುವು, ವಸ್ತುಗಳು ಹೆಚ್ಚಿದುವು. ಅಟ್ಟ ತುಂಬಿತು, ಮಂಚದ ಕೆಳಗಣ ಪೆಟ್ಟಿಗೆಗಳು ತುಂಬಿದುವು, ಬಾಗಿಲ ಹಿಂದಿನ ಗೂಟಗಳೂ ತುಂಬಿದುವು. ಕಡೆಗೆ ಮನುಷ್ಯರು ಓಡಾಡುವ ಜಾಗವನ್ನೇ ಸಾಮಾನುಗಳು ಬೇಡುವಂತಾಯಿತು.

ಈ ತಿಂಗಳು ನಮಗೆ ಬಂದ ಪತ್ರಗಳಲ್ಲಿ ಒಂದು ಬೆಂಗಳೂರಿನ ದಕ್ಷಿಣದಲ್ಲಿ ಬನ್ನೇರುಘಟ್ಟದ ರಸ್ತೆಯ ಮೇಲಿರುವ ಬಿಳೇಕಹಳ್ಳಿಯಿಂದ ಬಂದಿದೆ. ಬರೆದವರು ಹಿರಿಯ ಗೃಹಿಣಿ. ಅವರ ಯಜಮಾನರು ತೀರಿಕೊಂಡು ನಾಲ್ಕು ವರ್ಷಗಳಾದುವಂತೆ. ಮಲಗುವ ಕೋಣೆಯ ನೈರುತ್ಯ ಮೂಲೆಯಲ್ಲಿ ಅವರ ಬೀರು ಅಂದು ಹೇಗಿತ್ತೋ ಇಂದೂ ಹಾಗೆಯೇ ಇದೆ: ಮಡಿಸಿದ ಪಂಚೆಗಳು, ಎರಡು ಕೋಟುಗಳು, ಕನ್ನಡಕ, ನಿಂತುಹೋದ ಕೈಗಡಿಯಾರ, ಊರುಗೋಲು. ಮಗನ ಉದ್ಯೋಗದಲ್ಲಿ ಈಚೆಗೆ ಏನೋ ತೊಡಕು ಬಂದಿತು. ಸೊಸೆಯು ಯಾರ ಮಾತನ್ನೋ ಕೇಳಿ ಫೆಂಗ್ ಶುಯಿ ಬಲ್ಲವರೊಬ್ಬರನ್ನು ಮನೆಗೆ ಕರೆಯಿಸಿದಳು. ಅವರು ದಿಕ್ಸೂಚಿಯನ್ನು ಹಿಡಿದು ಮನೆಯನ್ನೆಲ್ಲ ಸುತ್ತಿ, ಸತ್ತವರ ಸಾಮಾನು ಮನೆಯ ಜೀವಶಕ್ತಿಯನ್ನು ತಡೆದು ನಿಲ್ಲಿಸಿದೆ, ಈ ಬೀರು ಖಾಲಿಯಾಗುವವರೆಗೆ ಮಗನಿಗೆ ಏಳಿಗೆಯಿಲ್ಲ ಎಂದರಂತೆ. ಅಂದಿನಿಂದ ಅತ್ತೆ ಸೊಸೆಯರ ನಡುವೆ ಮಾತು ಅಳತೆಗೆ ಬಂದಿದೆ. ಪತ್ರದ ಕೊನೆಯಲ್ಲಿ ಆಕೆ ಕೇಳಿರುವುದು ಒಂದೇ ಪ್ರಶ್ನೆ: ನನ್ನ ಯಜಮಾನರ ಪಂಚೆಯಿಂದ ನನ್ನ ಮಗನಿಗೆ ಕೇಡಾಗುವುದುಂಟೆ?

ಇಲ್ಲ, ಅಮ್ಮಾ, ಆಗುವುದಿಲ್ಲ. ಇದನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಟ್ಟು ಮುಂದಕ್ಕೆ ಹೋಗುವುದು ನಮ್ಮ ಕರ್ತವ್ಯವಾಗಿದೆ. ಏತಕ್ಕೆಂದರೆ ಸಾಮಾನನ್ನು ಬಿಡುವುದು ಬೇರೆ, ಭಯದಿಂದ ಬಿಡುವುದು ಬೇರೆ. ಭಯದಿಂದ ಬಿಟ್ಟ ವಸ್ತುವಿನ ಜಾಗದಲ್ಲಿ ಪಶ್ಚಾತ್ತಾಪವು ಬಂದು ಕುಳಿತುಕೊಳ್ಳುವುದು. ಅದು ಬೀರುವಿಗಿಂತಲೂ ಭಾರವಾದುದು.

ಹಾಗಾದರೆ ಈ ಫೆಂಗ್ ಶುಯಿ ಎಂಬುದೇನು? ಚೀನೀ ಭಾಷೆಯಲ್ಲಿ ಆ ಹೆಸರಿಗೆ ಗಾಳಿ ಮತ್ತು ನೀರು ಎಂದಷ್ಟೇ ಅರ್ಥ. ಭೂಮಿಯಲ್ಲಿ 'ಚೀ' ಎಂಬ ಪ್ರಾಣಶಕ್ತಿ ಹರಿಯುತ್ತಿರುವುದೆಂದೂ, ಗಾಳಿ ಅದನ್ನು ಚದುರಿಸುವುದೆಂದೂ, ನೀರು ಅದನ್ನು ಹಿಡಿದು ನಿಲ್ಲಿಸುವುದೆಂದೂ ಆ ದೇಶದ ಪ್ರಾಚೀನರು ನಂಬಿದ್ದರು. ಈ ವಿದ್ಯೆಯ ಹಳೆಯ ಗ್ರಂಥಗಳಲ್ಲಿ ಮುಖ್ಯವಾದುದನ್ನು ಕ್ರಿಸ್ತಶಕ ೨೭೬ರಿಂದ ೩೨೪ರವರೆಗೆ ಬಾಳಿದ ಗುವೋ ಪು ಎಂಬ ವಿದ್ವಾಂಸನ ಹೆಸರಿಗೆ ಹಚ್ಚುವರು. ಆ ಗ್ರಂಥದ ವಿಷಯ ಯಾವುದೆಂದು ನಮ್ಮ ವಾಚಕಿಯರು ಬಲ್ಲರೆ? ಹಣವಲ್ಲ, ಉದ್ಯೋಗವಲ್ಲ, ಬೀರುವೂ ಅಲ್ಲ. ಸತ್ತವರನ್ನು ಹೂಳುವ ಜಾಗದ ಆಯ್ಕೆ! ಅಗಲಿದ ಹಿರಿಯರಿಗೆ ಗಾಳಿ ಬಡಿಯದ, ನೀರು ಸಮೀಪದಲ್ಲಿರುವ, ಶಾಂತವಾದ ನೆಲೆಯನ್ನು ಹುಡುಕಿಕೊಟ್ಟರೆ ಬದುಕಿರುವ ಮಕ್ಕಳಿಗೂ ಒಳಿತಾಗುವುದೆಂಬುದೇ ಅದರ ಮೂಲ ಭಾವನೆ. ಅಗಲಿದವರಿಗೆ ಗೌರವದ ಸ್ಥಾನವನ್ನು ಹುಡುಕುವುದಕ್ಕಾಗಿ ಹುಟ್ಟಿದ ವಿದ್ಯೆಯನ್ನೇ ಹಿಡಿದು ಅಗಲಿದವರ ಪಂಚೆಯನ್ನು ಹೊರಗೆ ಹಾಕಿಸುವುದು ವಿಚಿತ್ರವಲ್ಲವೆ?

ಮನೆಯ ಬೇಡದ ಸಾಮಾನನ್ನು ತೆಗೆದರೆ 'ಚೀ' ಸರಾಗವಾಗಿ ಹರಿಯುವುದೆಂಬ ಬೋಧನೆ ಇಷ್ಟು ಪ್ರಚಾರಕ್ಕೆ ಬಂದುದು ಈಚಿನ ಕಾಲದಲ್ಲಿ. ಇಂಗ್ಲೆಂಡಿನ ಕ್ಯಾರೆನ್ ಕಿಂಗ್‌ಸ್ಟನ್ ಎಂಬಾಕೆ ೧೯೯೮ರಲ್ಲಿ ಈ ವಿಷಯವಾಗಿಯೇ ಒಂದು ಪುಸ್ತಕವನ್ನು ಪ್ರಕಟಿಸಿದರು; ಅದು ಅನೇಕ ದೇಶಗಳಲ್ಲಿ ಹರಡಿತು. ಆ ಬೋಧನೆಯಲ್ಲಿ ಒಳ್ಳೆಯ ಅಂಶವಿಲ್ಲವೆಂದು ನಾವು ಹೇಳುವುದಿಲ್ಲ. ಧೂಳು ಹಿಡಿದ ಮೂಲೆಯನ್ನು ಗುಡಿಸಿದರೆ ಮನಸ್ಸು ಹಗುರವಾಗುವುದೆಂಬುದನ್ನು ಯಾರು ತಾನೆ ಅಲ್ಲಗಳೆದಾರು? ಆದರೆ 'ಚೀ' ಎಂಬುದನ್ನು ಇದುವರೆಗೆ ಯಾವ ಉಪಕರಣವೂ ಅಳೆದು ತೋರಿಸಿಲ್ಲ. ಬೀರುವಿಗೂ ಉದ್ಯೋಗಕ್ಕೂ ಇರುವ ಸಂಬಂಧವನ್ನು ಯಾರೂ ಸಿದ್ಧಪಡಿಸಿಲ್ಲ.

ನಮ್ಮ ವಾಸ್ತುವಿನೊಡನೆ ಇದನ್ನು ಹೋಲಿಸಿ ನೋಡಿದರೆ ಇನ್ನೂ ಸ್ವಾರಸ್ಯವಾಗಿದೆ. ಆರನೆಯ ಶತಮಾನದ ವರಾಹಮಿಹಿರನು ತನ್ನ 'ಬೃಹತ್ಸಂಹಿತೆ'ಯಲ್ಲಿ ಗೃಹನಿರ್ಮಾಣಕ್ಕೆಂದು ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ನಮ್ಮಲ್ಲಿ ರೂಢಿಯಲ್ಲಿರುವ ವಾಸ್ತುವು ಈಶಾನ್ಯವನ್ನು ಹಗುರವಾಗಿಯೂ ನೈರುತ್ಯವನ್ನು ಭಾರವಾಗಿಯೂ ಇಡಬೇಕೆಂದು ವಿಧಿಸುವುದು. ಆ ಲೆಕ್ಕದಿಂದ ಬಿಳೇಕಹಳ್ಳಿಯ ನಮ್ಮ ಸೋದರಿಯ ಬೀರು ತಕ್ಕ ಜಾಗದಲ್ಲಿಯೇ ಇದೆ! ಚೀನೀಯರಿಗೆ ದಕ್ಷಿಣದ ಬಾಗಿಲು ಪ್ರಶಸ್ತ. ಉತ್ತರದ ಕೊರೆಯುವ ಗಾಳಿಗೆ ಬೆನ್ನು ಮಾಡಿ ಬಿಸಿಲಿಗೆ ಮುಖ ಮಾಡುವುದು ಅವರ ದೇಶಕ್ಕೆ ಹಿತ. ನಮ್ಮವರಿಗೋ ದಕ್ಷಿಣವೆಂದರೆ ಯಮನ ದಿಕ್ಕು. ಒಂದು ಶಾಸ್ತ್ರ ಬೇಕೆಂದುದನ್ನು ಇನ್ನೊಂದು ಬೇಡವೆನ್ನುವಾಗ, ಎರಡನ್ನೂ ಆಯಾ ನೆಲದ ಹವೆಗೂ ಬಾಳಿಗೂ ಹೊಂದಿ ಬೆಳೆದ ಅನುಭವವೆಂದು ತಿಳಿದು, ಅದರಲ್ಲಿ ಒಪ್ಪತಕ್ಕುದನ್ನು ಒಪ್ಪಿ, ಭಯವನ್ನು ಮಾತ್ರ ಹೊರಗಿಡುವುದು ವಿವೇಕ.

ಇನ್ನೊಂದು ಮಾತು. ಮನೆಯನ್ನು ಬರಿದು ಮಾಡಿರೆಂದು ಹೇಳುವ ಫೆಂಗ್ ಶುಯಿಯ ಹೆಸರಿನಲ್ಲಿಯೇ ಅಂಗಡಿಗಳು ನಮಗೆ ಎಷ್ಟು ಹೊಸ ಸಾಮಾನನ್ನು ಮಾರುತ್ತಿವೆ! ಗಾಳಿಗೆ ಗಣಗಣಿಸುವ ಕೊಳವೆಗಳು, ನಾಣ್ಯವನ್ನು ಕಚ್ಚಿದ ಮೂರು ಕಾಲಿನ ಕಪ್ಪೆ, ಲೋಹದ ಆಮೆ, ಗಾಜಿನ ಹೂಜಿಯಲ್ಲಿ ಬಿದಿರು. ಎಲ್ಲಕ್ಕಿಂತ ಮಿಗಿಲಾಗಿ ಹೊಟ್ಟೆಯನ್ನು ಹೊತ್ತು ನಗುವ ಬುದ್ಧ. ಆತನು ಗೌತಮ ಬುದ್ಧನಲ್ಲ. ಸುಮಾರು ಹತ್ತನೆಯ ಶತಮಾನದಲ್ಲಿ ಚೀನದಲ್ಲಿ ಅಲೆದಾಡುತ್ತಿದ್ದನೆನ್ನಲಾದ ಬುದಾಯ್ ಎಂಬ ಭಿಕ್ಷು. ಬುದಾಯ್ ಎಂದರೆ ಬಟ್ಟೆಯ ಚೀಲ. ತನ್ನದೆನ್ನುವುದೆಲ್ಲವೂ ಒಂದೇ ಚೀಲದಲ್ಲಿ ಹಿಡಿಯುತ್ತಿದ್ದುದರಿಂದ ಆ ಹೆಸರು ಬಂದಿತು. ಒಂದು ಚೀಲದ ಬಾಳನ್ನು ಬಾಳಿ ನಕ್ಕವನ ವಿಗ್ರಹವನ್ನು, ಹಣ ಬರಲೆಂದು, ತುಂಬಿದ ಬೀರುಗಳ ಮೇಲೆ ಕೂರಿಸಿದ್ದೇವೆ. ಆತನು ನಗುತ್ತಿರುವುದು ಏಕೆಂದು ನಮಗೆ ಈಗ ಅರ್ಥವಾಗುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಅತ್ತೆಯ ಪಕ್ಷವೇ ಗೆದ್ದಿತೆಂದು ಭಾವಿಸಬಾರದು. ಸೊಸೆಯು ಕೊಟ್ಟ ಕಾರಣ ತಪ್ಪಾಗಿರಬಹುದು. ಅವಳ ಬಯಕೆ ತಪ್ಪಲ್ಲ. ಆ ಕೋಣೆಯಲ್ಲಿ ಮೊಮ್ಮಗನಿಗೆ ಓದುವ ಮೇಜನ್ನು ಹಾಕಬೇಕೆಂದು ಅವಳಿಗೆ ಆಸೆಯಿದೆಯೆಂದು ಪತ್ರದಲ್ಲಿಯೇ ಒಂದು ಸಾಲು ಇದೆ. ತುಂಬಿದ ಮನೆಯ ಹೊರೆ ಹೆಂಗಸಿನ ಮೇಲೆಯೇ ಬೀಳುವುದೆಂಬುದಕ್ಕೆ ಸಾಕ್ಷ್ಯವೂ ಇದೆ. ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ, ಗಂಡಹೆಂಡಿರಿಬ್ಬರೂ ದುಡಿಯುವ ಮನೆಗಳ ಅರುವತ್ತು ಮಂದಿಯನ್ನು ಪರೀಕ್ಷಿಸಿ, ಸ್ಯಾಕ್ಸ್‌ಬಿ ಮತ್ತು ರೆಪೆಟ್ಟಿ ಎಂಬಿಬ್ಬರು ವಿದುಷಿಯರು ೨೦೧೦ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ತಮ್ಮ ಮನೆ ಸಾಮಾನಿನ ರಾಶಿಯೆಂದೂ ಮುಗಿಯದ ಕೆಲಸವೆಂದೂ ಬಣ್ಣಿಸಿದ ಹೆಂಗಸರಲ್ಲಿ, ಬೆಳಗ್ಗೆ ಏರಿ ಸಂಜೆಗೆ ಇಳಿಯಬೇಕಾದ ಕಾರ್ಟಿಸಾಲ್ ಎಂಬ ರಸವು ಚೆನ್ನಾಗಿ ಇಳಿಯುತ್ತಿರಲಿಲ್ಲ; ದಿನ ಕಳೆದಂತೆ ಅವರ ಮನಸ್ಸೂ ಕುಗ್ಗುತ್ತಿತ್ತು. ಗಂಡಸರಲ್ಲಿ ಈ ಸಂಬಂಧ ಹಾಗೆ ಕಾಣಲಿಲ್ಲ. ದಿನವೆಲ್ಲ ದುಡಿದು ಬಂದ ಸೊಸೆ ಇಕ್ಕಟ್ಟಾದ ಕೋಣೆಯನ್ನು ನೋಡಿ ನಿಟ್ಟುಸಿರು ಬಿಟ್ಟರೆ ಅದು ಮಾವನವರಿಗೆ ಮಾಡಿದ ಅಗೌರವವೆಂದು ಅತ್ತೆಯವರು ತಿಳಿಯಬಾರದು. ಇಲ್ಲಿ ಇಬ್ಬರೂ ನ್ಯಾಯವಂತರೇ. ಅದರಿಂದಲೇ ಜಗಳ ಕಠಿಣವಾಗಿದೆ.

ಬಿಡುವುದು ಏಕೆ ಇಷ್ಟು ಕಷ್ಟವೆಂಬುದನ್ನು ಪಂಡಿತರು ಪರೀಕ್ಷಿಸಿರುವರು. ಕಾನಮನ್, ನೆಟ್ಷ್, ಥೇಲರ್ ಎಂಬ ಮೂವರು ೧೯೯೦ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿಗೆ ಕಾಫಿ ಕುಡಿಯುವ ಬಟ್ಟಲನ್ನು ಕೊಟ್ಟು, ಎಷ್ಟು ಹಣಕ್ಕೆ ಮಾರುವಿರೆಂದು ಕೇಳಿದರು. ಉಳಿದವರನ್ನು ಎಷ್ಟು ಕೊಟ್ಟು ಕೊಳ್ಳುವಿರೆಂದು ಕೇಳಿದರು. ಬಟ್ಟಲು ಕೈಗೆ ಬಂದು ಕೆಲವು ನಿಮಿಷಗಳೂ ಆಗಿರಲಿಲ್ಲ. ಆದರೂ ಮಾರುವವರು ಹೇಳಿದ ಬೆಲೆ ಕೊಳ್ಳುವವರು ಹೇಳಿದುದಕ್ಕಿಂತ ಸುಮಾರು ಎರಡರಷ್ಟಿತ್ತು. ನನ್ನದು ಎಂದೊಡನೆ ವಸ್ತುವಿನ ಬೆಲೆ ಏರುವುದು. ಕೆಲವು ನಿಮಿಷಗಳ ಬಟ್ಟಲಿಗೇ ಹೀಗಾದರೆ, ನಾಲ್ವತ್ತು ವರ್ಷ ಒಗೆದು ಮಡಿಸಿಟ್ಟ ಪಂಚೆಯ ಬೆಲೆಯನ್ನು ಯಾರು ಕಟ್ಟುವರು? ಬಿಡಲಾರದಿರುವುದು ಮೂಢತನವಲ್ಲ, ದೌರ್ಬಲ್ಯವೂ ಅಲ್ಲ, ಅದು ಮನುಷ್ಯಸ್ವಭಾವ.

ಈ ಸ್ವಭಾವವನ್ನು ನಮ್ಮ ನಾಡಿನವರು ಬಹುಕಾಲದಿಂದ ಬಲ್ಲರು. ಅದಕ್ಕೆ ಮದ್ದನ್ನೂ ಕಂಡುಕೊಂಡಿದ್ದರು. ಶ್ರವಣಬೆಳಗೊಳದಲ್ಲಿ ಚಾವುಂಡರಾಯನು ಸುಮಾರು ೯೮೧ರಲ್ಲಿ ನಿಲ್ಲಿಸಿದ ಗೊಮ್ಮಟನ ಕಥೆ ಮಕ್ಕಳಿಗೂ ಗೊತ್ತು. ಗೆದ್ದ ರಾಜ್ಯವನ್ನು ಒಂದೇ ಗಳಿಗೆಯಲ್ಲಿ ಬಿಟ್ಟ ಬಾಹುಬಲಿಗೆ, ವರ್ಷಕಾಲ ನಿಂತು ತಪಸ್ಸು ಮಾಡಿದರೂ ಜ್ಞಾನವು ದೊರೆಯಲಿಲ್ಲವಂತೆ. ತಾನು ನಿಂತ ನೆಲ ಅಣ್ಣನದೆಂಬ ಒಂದು ಮುಳ್ಳು ಮನಸ್ಸಿನಲ್ಲಿ ಉಳಿದಿತ್ತೆಂದು ಜನರು ಹೇಳುವರು. ರಾಜ್ಯವನ್ನು ಬಿಟ್ಟವನಿಗೂ ಆ ಒಂದು ಎಳೆಯನ್ನು ಬಿಡುವುದು ಕಡೆಯ ಕೆಲಸವಾಯಿತು. ಕೋಣೆ ಬರಿದಾದ ಮಾತ್ರಕ್ಕೆ ಮನಸ್ಸು ಬರಿದಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಗೃಹಿಣಿಯರಿಗೆ ಇನ್ನೂ ಹತ್ತಿರದವಳು ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ. ಆಕೆಯ ಗಂಡ ಮಾರಯ್ಯನು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ನಮಗೆ ಬೇಕಾದಷ್ಟೇ ಸಾಕು, ಮಿಕ್ಕುದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಆಕೆ ಕಳುಹಿಸಿದಳೆಂಬುದು ಶರಣರ ಕಥೆ. ಬಡತನದಲ್ಲಿದ್ದು ಹೆಚ್ಚಿನದನ್ನು ಹಿಂದಕ್ಕೆ ಕಳುಹಿಸಿದ ಹೆಂಗಸು ಆಕೆ. ಯಾವ ದಿಕ್ಸೂಚಿಯೂ ಆಕೆಗೆ ಬೇಕಾಗಲಿಲ್ಲ. ಇಂದಿಗೆ ಎಷ್ಟು ಬೇಕೆಂಬ ಲೆಕ್ಕವೊಂದಿದ್ದರೆ ಸಾಕಾಗಿತ್ತು.

ಸಾವಿನ ತರುವಾಯ ಮಾಡುವ ಕ್ರಿಯೆಗಳನ್ನು ನೋಡಿರಿ. ಅನೇಕ ಮನೆತನಗಳಲ್ಲಿ ಹನ್ನೊಂದು ಹನ್ನೆರಡನೆಯ ದಿನಗಳಲ್ಲಿ ಹಾಸಿಗೆ, ಛತ್ರಿ, ಪಾದರಕ್ಷೆ, ವಸ್ತ್ರ, ಪಾತ್ರೆ ಇವುಗಳನ್ನು ದಾನ ಮಾಡುವ ಪದ್ಧತಿಯಿದೆ. ಮಂತ್ರದ ಫಲವನ್ನು ನಂಬುವವರು ನಂಬಲಿ. ಅದರೊಳಗಿನ ಮನೋಧರ್ಮವನ್ನು ಎಲ್ಲರೂ ಗಮನಿಸಬೇಕು. ಬಿಡುವುದಕ್ಕೆ ಒಂದು ದಿನ ನಿಶ್ಚಿತವಾಗಿದೆ. ತೆಗೆದುಕೊಳ್ಳುವವನೊಬ್ಬನು ಎದುರಿಗೆ ಕುಳಿತಿದ್ದಾನೆ. ಕೊಡುವವರು 'ನ ಮಮ', ಇದು ನನ್ನದಲ್ಲ, ಎಂದು ಬಾಯಿಬಿಟ್ಟು ಹೇಳಿ ನೀರು ಬಿಡುವರು. ನಾಲ್ಕು ಮಂದಿ ನೆಂಟರು ನೋಡುತ್ತಿರುವರು. ಕಾಲ, ಪಾತ್ರ, ಮಾತು, ಸಾಕ್ಷಿ, ಈ ನಾಲ್ಕೂ ಕೂಡಿದಾಗ ಕೈ ಬಿಚ್ಚುವುದು ಸುಲಭವಾಗುವುದು. ನಮ್ಮ ಸೋದರಿಯ ಮನೆಯಲ್ಲಿ ಇವೊಂದೂ ಇಲ್ಲ. ಬರಿಯ ಒಂದು ಗೋಣಿಚೀಲವೂ ಅವಸರವೂ ಇವೆ. ಕೈ ಬರಲಿಲ್ಲವೆಂದರೆ ಆಶ್ಚರ್ಯವೇನು?

ಸ್ಮರಣೆಗಾಗಿಯೂ ನಮ್ಮವರು ವಸ್ತುವನ್ನು ನೆಚ್ಚಲಿಲ್ಲ, ದಿನವನ್ನು ನೆಚ್ಚಿದರು. ಹಳೆಯ ಮೈಸೂರಿನ ಕಡೆಯ ಊರುಗಳಲ್ಲಿ ಪಿತೃಪಕ್ಷದ ಕಾಲದಲ್ಲಿ ಹಿರಿಯರಿಗೆ ಪ್ರಿಯವಾದ ಅಡಿಗೆಯನ್ನು ಮಾಡಿ, ಹೊಸ ಬಟ್ಟೆಯನ್ನಿರಿಸಿ ಎಡೆಯಿಡುವರು. ಪೂಜೆಯಾದ ಮೇಲೆ ಆ ಬಟ್ಟೆಯನ್ನು ಮನೆಯವರೇ ಉಡುವರು. ಅಗಲಿದವರ ಹೆಸರಿನ ಬಟ್ಟೆ ಬದುಕಿರುವವರ ಮೈಮೇಲೆ ಓಡಾಡುವುದು. ಸ್ಮರಣೆಯನ್ನು ಬೀರುವಿನೊಳಗೆ ಬೀಗ ಹಾಕಿ ಇಡುವುದಕ್ಕಿಂತ ಇದು ಎಷ್ಟು ಮೇಲು!

ಉತ್ತರ ಕರ್ನಾಟಕದ ತಾಯಂದಿರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರು ಮನೆಯವರ ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ, ತುಂಡುಗಳನ್ನು ಜೋಡಿಸಿ, ಕೈಹೊಲಿಗೆಯಿಂದ ಕೌದಿಯನ್ನು ಹೊಲಿಯುವರು. ಯಲ್ಲಾಪುರ, ಹಳಿಯಾಳಗಳ ಕಡೆಯ ಸಿದ್ದಿ ಜನರ ಹೆಂಗಸರು ಇದೇ ಕೆಲಸದಲ್ಲಿ ಪ್ರಸಿದ್ಧಿಯನ್ನು ಪಡೆದಿರುವರು. ಕೌದಿಯಲ್ಲಿ ಪಂಚೆಯು ಪಂಚೆಯಾಗಿ ಉಳಿಯುವುದಿಲ್ಲ. ಆದರೆ ಕಳೆದುಹೋಗುವುದೂ ಇಲ್ಲ. ಅಜ್ಜನ ಧೋತರವನ್ನು ಮೊಮ್ಮಗನು ಹೊದ್ದು ಮಲಗಿದರೆ ಅದಕ್ಕಿಂತ ಒಳ್ಳೆಯ ಜಾಗವನ್ನು ಯಾವ ದಿಕ್ಸೂಚಿ ತೋರಿಸೀತು?

ಇನ್ನು ಕಾರ್ಯಕ್ರಮವನ್ನು ಹೇಳುವೆವು. ಇದು ಬಿಳೇಕಹಳ್ಳಿಯ ಒಂದು ಮನೆಗೆ ಮಾತ್ರವಲ್ಲ, ಇಂತಹ ಬೀರು ಇರುವ ಎಲ್ಲ ಮನೆಗಳಿಗೂ ಅನ್ವಯಿಸತಕ್ಕದ್ದು.

ಮೊದಲನೆಯದಾಗಿ, ಬೀರುವಿನ ಬೀಗದಕೈ ಅತ್ತೆಯವರ ಬಳಿಯಲ್ಲಿಯೇ ಇರಲಿ. ಅವರಿಲ್ಲದಾಗ ಯಾರೂ ಅದನ್ನು ತೆರೆಯಕೂಡದು. ಒಳ್ಳೆಯದಕ್ಕೆಂದೇ ಆದರೂ ಕೂಡದು. ಕದ್ದು ಖಾಲಿ ಮಾಡಿದ ಬೀರುವು ಮನೆಯಲ್ಲಿ ಎರಡನೆಯ ಸಾವಿನಂತೆ. ಪ್ರತಿಯಾಗಿ, ಅತ್ತೆಯವರು ಒಂದು ದಿನವನ್ನು ತಾವೇ ಗೊತ್ತುಮಾಡಿ ಸೊಸೆಗೆ ಹೇಳಲಿ. ಪಿತೃಪಕ್ಷವಾಗಲಿ, ಯಜಮಾನರ ತಿಥಿಯಾಗಲಿ, ಯುಗಾದಿಯ ಸುಣ್ಣಬಣ್ಣದ ಕಾಲವಾಗಲಿ, ಯಾವುದಾದರೂ ಸರಿಯೇ. ಎಂದಾದರೂ ಆಗಲಿ ಎಂಬುದು ಮಾತ್ರ ಬೇಡ.

ಎರಡನೆಯದಾಗಿ, ಪ್ರಾರಂಭವನ್ನು ನೆನಪಿನ ವಸ್ತುಗಳಿಂದ ಮಾಡಬೇಡಿರಿ. ಮನೆಯನ್ನು ಒಪ್ಪಮಾಡುವ ವಿಷಯದಲ್ಲಿ ಲೋಕಪ್ರಸಿದ್ಧಳಾದ ಜಪಾನಿನ ಮಾರೀ ಕೊಂಡೊ ಎಂಬಾಕೆಯೂ ಬಟ್ಟೆ, ಪುಸ್ತಕ, ಕಾಗದಪತ್ರ, ಚಿಲ್ಲರೆ ಸಾಮಾನು ಇವೆಲ್ಲ ಮುಗಿದ ಮೇಲೆಯೇ ನೆನಪಿನ ವಸ್ತುಗಳಿಗೆ ಕೈಹಾಕಬೇಕೆಂದು ಹೇಳಿರುವರು. ಬಿಡುವ ವಸ್ತುವಿಗೆ ಕೃತಜ್ಞತೆಯನ್ನು ಹೇಳಬೇಕೆಂಬುದು ಆಕೆಯ ಇನ್ನೊಂದು ಸಲಹೆ. ಆಯುಧಪೂಜೆಯ ದಿನ ಕತ್ತರಿ ಈಳಿಗೆಮಣೆಗಳಿಗೂ ಕುಂಕುಮವಿಡುವ ನಮಗೆ ಇದು ಹೊಸದಲ್ಲ. ಅದೇ ಮಾರೀ ಕೊಂಡೊ, ಮೂರು ಮಕ್ಕಳ ತಾಯಿಯಾದ ಮೇಲೆ ತಮ್ಮ ಮನೆಯೂ ಮೊದಲಿನಂತೆ ಒಪ್ಪವಾಗಿಲ್ಲವೆಂದು ೨೦೨೩ರಲ್ಲಿ ಹೇಳಿದರು. ಮನೆ ಒಪ್ಪವಾಗಿರಬೇಕೆಂಬುದು ಬಾಳಿಗಾಗಿಯೇ ಹೊರತು, ಬಾಳು ಒಪ್ಪಕ್ಕಾಗಿ ಅಲ್ಲವೆಂಬುದನ್ನು ನಾವೂ ಮರೆಯಬಾರದು. ಮೊದಲು ಅಡಿಗೆಮನೆಯ ಅಟ್ಟದಿಂದ ತೊಡಗಿರಿ. ಹಿಡಿ ಮುರಿದ ಬಾಣಲೆಯನ್ನು ಬಿಟ್ಟ ಕೈಗೆ ಕೋಟನ್ನು ಬಿಡುವ ಅಭ್ಯಾಸ ಮೆಲ್ಲನೆ ಬರುವುದು.

ಮೂರನೆಯದಾಗಿ, ಏನನ್ನೂ ಕೊಡುವುದಕ್ಕೆ ಮೊದಲು ಜೇಬುಗಳನ್ನೂ, ಪುಸ್ತಕದ ಹಾಳೆಗಳ ನಡುವನ್ನೂ, ಪೆಟ್ಟಿಗೆಯ ತಳದಲ್ಲಿ ಹಾಸಿದ ಕಾಗದದ ಕೆಳಗನ್ನೂ ನೋಡಿರಿ. ಮನೆಯ ಕ್ರಯಪತ್ರ, ಖಾತೆಯ ಕಾಗದ, ಉಯಿಲು, ಮರಣಪತ್ರ, ಪಿಂಚಣಿಯ ಆದೇಶ, ಬ್ಯಾಂಕಿನ ಪುಸ್ತಕ, ವಿಮೆಯ ಪತ್ರ, ಇವು ನೆನಪಿನ ವಸ್ತುಗಳಲ್ಲ, ಹಕ್ಕಿನ ವಸ್ತುಗಳು. ಇವುಗಳಿಗೆ ಬೇರೊಂದು ಪೆಟ್ಟಿಗೆಯನ್ನು ಮಾಡಿ, ಎಲ್ಲಿದೆಯೆಂಬುದನ್ನು ಮಗನಿಗೂ ಸೊಸೆಗೂ ತಿಳಿಸಿರಿ.

ನಾಲ್ಕನೆಯದಾಗಿ, ಉಳಿದ ವಸ್ತುಗಳನ್ನು ಒಂದೊಂದಾಗಿ ಹೊರಗೆ ತೆಗೆದು, ಅದರ ಕಥೆಯನ್ನು ಹೇಳಿರಿ. ಈ ಕೋಟು ಯಾವ ಮದುವೆಗೆ ಹೊಲಿಸಿದುದು, ಈ ಗಡಿಯಾರ ಯಾವ ಸಂಬಳದಿಂದ ಬಂದುದು, ಊರುಗೋಲನ್ನು ಯಾವ ಊರಿನಿಂದ ತಂದರು, ಎಂಬುದನ್ನು ಮೊಮ್ಮಗನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಲಿ. ಒಂದು ಭಾವಚಿತ್ರವನ್ನೂ ತೆಗೆಯಲಿ. ಇದು ಬರಿಯ ಸಮಾಧಾನದ ಮಾತಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಲಯಗಳಲ್ಲಿ ದಾನಸಂಗ್ರಹ ಮಾಡುವಾಗ, ಒಂದು ಕಡೆ ಸುಮ್ಮನೆ ವಸ್ತುಗಳನ್ನು ಕೊಡಿರೆಂದು ಕೇಳಿದರು. ಇನ್ನೊಂದು ಕಡೆ ನೆನಪಿನ ವಸ್ತುಗಳ ಚಿತ್ರವನ್ನು ತೆಗೆದಿಟ್ಟುಕೊಂಡು ಕೊಡಿರೆಂದು ಕೇಳಿದರು. ಎರಡನೆಯ ಕಡೆ ಸುಮಾರು ನೂರಕ್ಕೆ ಹದಿನೈದರಷ್ಟು ಹೆಚ್ಚು ವಸ್ತುಗಳು ಬಂದುವೆಂದು ೨೦೧೭ರಲ್ಲಿ ಪ್ರಕಟವಾಯಿತು. ನಾವು ಹಿಡಿದುಕೊಂಡಿರುವುದು ವಸ್ತುವನ್ನಲ್ಲ, ಅದರ ಹಿಂದಿನ ನೆನಪನ್ನು. ನೆನಪು ಉಳಿಯುವುದೆಂಬ ಭರವಸೆ ಬಂದರೆ ಕೈ ತಾನೇ ಸಡಿಲುವುದು. ಇದರಲ್ಲಿ ಇನ್ನೊಂದು ಲಾಭವೂ ಇದೆ. ಮದುವೆಯಾಗಿ ಬಂದ ಸೊಸೆಗೆ ಮಾವನವರ ಯೌವನದ ಕಥೆಗಳು ಅನೇಕ ವೇಳೆ ಗೊತ್ತೇ ಇರುವುದಿಲ್ಲ. ಕಥೆಯನ್ನು ಕೇಳಿದವಳು ಆ ಕೋಟನ್ನು ಗೋಣಿಚೀಲಕ್ಕೆ ತುಂಬಲಾರಳು, ಮಡಿಸಿ ಕೊಡುವಳು.

ಐದನೆಯದಾಗಿ, ಉಳಿಸಿಕೊಳ್ಳಬೇಕಾದುದನ್ನು ಉಳಿಸಿಕೊಳ್ಳಿರಿ. ಆದರೆ ಅದನ್ನು ಬಳಸಿರಿ. ಗಡಿಯಾರವನ್ನು ದುರಸ್ತಿ ಮಾಡಿಸಿ ಮಗನು ಕಟ್ಟಿಕೊಳ್ಳಲಿ. ಹೆಸರು ಕೊರೆಯಿಸಿದ ಹಿತ್ತಾಳೆಯ ಕೊಳಗವನ್ನು ತೂಕಕ್ಕೆ ಹಾಕುವ ಮೊದಲು ಯೋಚಿಸಿರಿ. ಯಾರ ಮದುವೆಗೆ ಯಾರು ಕೊಟ್ಟರೆಂಬ ಎರಡು ತಲೆಮಾರಿನ ಇತಿಹಾಸ ಅದರ ಅಂಚಿನ ಮೇಲಿರುವುದು. ಆದರೆ ಹನ್ನೆರಡು ಕೊಳಗಗಳಲ್ಲಿ ಒಂದನ್ನು ಅಂಗಳದ ತುಳಸಿಗೆ ನೀರೆರೆಯಲು ಇಟ್ಟುಕೊಂಡು, ಮಕ್ಕಳಿಗೆ ಒಂದೊಂದನ್ನು ಹಂಚಿ, ಮಿಕ್ಕುದನ್ನು ಅಡಿಗೆಗೆ ದೊಡ್ಡ ಪಾತ್ರೆ ಬೇಕಾದ ಅನ್ನದಾಸೋಹದ ಜಾಗಕ್ಕೆ ಕೊಡಬಹುದಲ್ಲವೆ? ಬಳಸಿದ ತಾಮ್ರ ಹಿತ್ತಾಳೆಗಳು ಹೊಳೆಯುವುವು. ಅಟ್ಟದ ಮೇಲಿಟ್ಟವು ಕಿಲುಬುಗಟ್ಟುವುವು. ರೇಷ್ಮೆಯ ಸೀರೆಯೂ ಮಡಿಕೆಯಲ್ಲಿಯೇ ಮೊದಲು ಸೀಳುವುದು.

ಕಡೆಯದಾಗಿ, ಬಿಡುವುದೆಂದರೆ ಬೇರೆಯವರ ಬಾಗಿಲಿಗೆ ತಳ್ಳುವುದಲ್ಲ. ಬೆಂಗಳೂರಿನ ಯಾವ ಅರಳಿಕಟ್ಟೆಯನ್ನು ನೋಡಿದರೂ, ಗಾಜೊಡೆದ ದೇವರ ಪಟಗಳು ಮರಕ್ಕೆ ಒರಗಿ ಮಳೆಯಲ್ಲಿ ನೆನೆಯುತ್ತಿರುವುದನ್ನು ಕಾಣುವೆವು. ಮನೆಯಲ್ಲಿಡಲು ಮನಸ್ಸಿಲ್ಲ, ಎಸೆಯಲು ಧೈರ್ಯವಿಲ್ಲ. ಆದುದರಿಂದ ಅಶ್ವತ್ಥನಾರಾಯಣನ ತಲೆಗೆ ಕಟ್ಟಿದ್ದು. ಚೌಕಟ್ಟಿನಿಂದ ಗಾಜನ್ನು ಬಿಡಿಸಿ ಕಾಗದದಲ್ಲಿ ಸುತ್ತಿ ಬೇರೆ ಕೊಡಿರಿ. ಮರ ಇನ್ನೊಂದು ಕೆಲಸಕ್ಕೆ ಬಂದೀತು. ಚಿತ್ರದ ಕಾಗದವನ್ನು ಕುಂಡದ ಮಣ್ಣಿನಲ್ಲಿ ಗೌರವವಾಗಿ ಹೂತುಬಿಡಿರಿ. ಹಳೆಯ ಔಷಧಿ, ಕೆಟ್ಟ ಬ್ಯಾಟರಿ, ಹಳೆಯ ಫೋನು ಇವುಗಳನ್ನು ಹಸಿಕಸದೊಡನೆ ಸೇರಿಸಕೂಡದು. ಬೆಂಗಳೂರಿನ ಕಸವನ್ನು ಸುರಿಯುತ್ತಿದ್ದ ಮಾವಳ್ಳಿಪುರದ ಜನರು ೨೦೧೨ರಲ್ಲಿಯೂ, ಮಂಡೂರಿನ ಜನರು ೨೦೧೪ರಲ್ಲಿಯೂ ಇನ್ನು ಸಾಕೆಂದು ಎದ್ದು ನಿಂತುದನ್ನು ಬೆಂಗಳೂರಿಗರು ಮರೆಯಬಾರದು. ನಮ್ಮ ಮನೆಯಿಂದ ಹೋದುದು ಲೋಕದಿಂದ ಹೋಗುವುದಿಲ್ಲ. ಯಾರದೋ ಬಾವಿಯ ಪಕ್ಕಕ್ಕೆ ಹೋಗಿ ಕುಳಿತಿರುವುದು. ಕೊಡುವ ಬಟ್ಟೆಯನ್ನು ಒಗೆದು, ಗುಂಡಿಗಳನ್ನು ಹೊಲಿದು, ನಾವೇ ಮತ್ತೆ ಉಡಬಹುದಾದಂತೆ ಮಾಡಿ ಕೊಡಿರಿ. ಉಡಲಾರದುದನ್ನು ದಾನವೆಂದು ಕರೆಯಬೇಡಿರಿ.

ಇಲ್ಲಿ ಒಂದು ಎಚ್ಚರಿಕೆ. ಒಂದು ಬೀರುವನ್ನು ನಾಲ್ಕು ವರ್ಷ ತೆರೆಯದಿರುವುದು ರೋಗವಲ್ಲ, ದುಃಖ. ಆದರೆ ಕೆಲವರಲ್ಲಿ ಹಳೆಯ ಕಾಗದ, ಖಾಲಿ ಡಬ್ಬಿ ಯಾವುದನ್ನೂ ಬಿಡಲಾರದೆ, ಮಂಚದ ಮೇಲೆ ಮಲಗಲೂ ಒಲೆಯ ಮುಂದೆ ನಿಲ್ಲಲೂ ಜಾಗವಿಲ್ಲದಂತೆ ರಾಶಿ ಬೆಳೆಯುವುದು. ತೆಗೆಯಬಂದವರನ್ನು ಕಂಡರೆ ಅವರಿಗೆ ತಡೆಯಲಾರದ ಸಂಕಟವಾಗುವುದು. ಇದನ್ನು ಅಮೆರಿಕದ ಮನೋವೈದ್ಯರ ಸಂಘವು ೨೦೧೩ರಲ್ಲಿ ಪ್ರತ್ಯೇಕ ಕಾಯಿಲೆಯೆಂದೇ ಗುರುತಿಸಿತು. ಅಂತಹವರನ್ನು ಗದರಿಸುವುದರಿಂದ ಫಲವಿಲ್ಲ, ಚಿಕಿತ್ಸೆಯಿಂದ ಫಲವುಂಟು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆಸ್ಪತ್ರೆಯಿದೆ. ೨೦೨೨ರಲ್ಲಿ ಪ್ರಾರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿಗೆ ೧೪೪೧೬ ಎಂಬ ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಬರಿದಾದ ಜಾಗವೆಂದರೆ ನಷ್ಟವೆಂದು ನಮ್ಮಲ್ಲಿ ಅನೇಕರು ಭಾವಿಸುವರು. ಅದು ಹಾಗಲ್ಲವೆಂದು ನೋಡಿ ತಿಳಿಯುವುದಕ್ಕೆ ಬಿಳೇಕಹಳ್ಳಿಯವರು ದೂರ ಹೋಗಬೇಕಾಗಿಲ್ಲ. ೧೯೭೩ರಲ್ಲಿ ಸ್ಥಾಪಿತವಾದ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ಆವರಣವು ಅಲ್ಲಿಯೇ ಇದೆ. ಅದನ್ನು ರೂಪಿಸಿದವರು ಬಾಲಕೃಷ್ಣ ದೋಶಿ. ೨೦೧೮ರಲ್ಲಿ ಪ್ರಿಟ್ಸ್‌ಕರ್ ಪ್ರಶಸ್ತಿಯನ್ನು ಪಡೆದ ಮೊದಲನೆಯ ಭಾರತೀಯ ವಾಸ್ತುಶಿಲ್ಪಿ. ಫತೇಪುರ ಸಿಕ್ರಿಯ ಅಂಗಳಗಳನ್ನೂ ಮಧುರೆಯ ದೇವಾಲಯವನ್ನೂ ಮನಸ್ಸಿನಲ್ಲಿಟ್ಟುಕೊಂಡು, ಬೂದುಬಣ್ಣದ ಕಲ್ಲಿನ ಗೋಡೆಗಳ ನಡುವೆ ಅವರು ಉದ್ದನೆಯ ಮೊಗಸಾಲೆಗಳನ್ನೂ ತೆರೆದ ಅಂಗಳಗಳನ್ನೂ ಬಿಟ್ಟರು. ಅಲ್ಲಿ ಬಿಸಿಲು ಬೀಳುವುದು, ಬಳ್ಳಿ ಹಬ್ಬುವುದು, ನಡೆಯುವವರು ನಿಂತು ಮಾತನಾಡುವರು. ನಮ್ಮ ಹಳೆಯ ತೊಟ್ಟಿಯ ಮನೆಗಳಲ್ಲಿಯೂ ಹೀಗೆಯೇ ಇದ್ದಿತು. ಮನೆಯ ನಟ್ಟನಡುವೆ ಏನನ್ನೂ ಇಡದೆ ಆಕಾಶಕ್ಕೆ ಬಿಟ್ಟುಕೊಟ್ಟಿದ್ದರು. ಎಲ್ಲರೂ ಸೇರುತ್ತಿದ್ದುದು ಅಲ್ಲಿಯೇ. ಹಪ್ಪಳ ಒಣಗುತ್ತಿದ್ದುದೂ, ಮಗು ಮೊದಲ ಹೆಜ್ಜೆಯಿಡುತ್ತಿದ್ದುದೂ ಆ ಬರಿದಾದ ಜಾಗದಲ್ಲಿಯೇ.

ಆದುದರಿಂದ ಬಿಡುವಾಗ ಏನನ್ನು ಕಳೆದುಕೊಳ್ಳುತ್ತಿರುವೆವೆಂದು ಮಾತ್ರ ಕೇಳದೆ, ಆ ಜಾಗಕ್ಕೆ ಯಾರು ಬರುತ್ತಿರುವರೆಂದೂ ಕೇಳಬೇಕು. ಬರುವವನು ಮೊಮ್ಮಗನಾದರೆ, ಅವನ ಓದುವ ಮೇಜಿನ ಮೇಲೆ ಅಜ್ಜನ ಕನ್ನಡಕವೊಂದು ಪೆಟ್ಟಿಗೆಯೊಳಗೆ ಇರಲಿ. ಅಷ್ಟಕ್ಕೆ ಯಾವ ಸೊಸೆಯೂ ಬೇಡವೆನ್ನಲಾರಳು. ಉಳಿದ ಪಂಚೆಗಳಲ್ಲಿ ಎರಡನ್ನು ಕೌದಿಗೆಂದು ತೆಗೆದಿಟ್ಟು, ಮಿಕ್ಕವನ್ನು ಒಗೆದು ಮಡಿಸಿ, ಅತ್ತೆ ಸೊಸೆಯರಿಬ್ಬರೂ ಜೊತೆಯಾಗಿ ಹೋಗಿ, ಉಡತಕ್ಕವರ ಕೈಗೇ ಕೊಟ್ಟು ಬರಲಿ.